ಬುರುಡೆ ಬಿಟ್ಟ ಪಾರುಪತ್ತೇಗಾರ

ಏಳು ಹೊಳೆ ಹರಿಯುವ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಹೊಳೆ ಏಳಿದ್ದರೂ ಸೇತುವೆ ಒಂದೂ ಇರಲಿಲ್ಲ. ಉಪ್ಪು ತರಬೇಕಾದರೂ ಹರಿಗೋಲು. ಹೆಣ್ಣು ನೋಡಲು ಹೋಗಬೇಕಾದರೂ ಹರಿಗೋಲು. ರಾಜನೇ ಮಾವನ ಮನೆಗೆ ಹಬ್ಬಕ್ಕೆ ಹೋಗಬೇಕಾದರೂ ಹರಿಗೋಲಿನಲ್ಲಿ ಕಾಲು ಮಡಚಿ ಕೂರಬೇಕು.

ಹರಿಗೋಲು ಹಾಕುವ ಅಂಬಿಗರು ಒಂದೇ ಊರಿನಿಂದ ಬರುತ್ತಿದ್ದರು. ಊರಿನ ಹೆಸರು ಸುಳಿಗಟ್ಟೆ. ದೊಡ್ಡಹೊಳೆಯ ದಡದಲ್ಲಿತ್ತು. ದೂರದಿಂದ ನೋಡಿದರೆ ಊರೇ ಕಾಣುತ್ತಿರಲಿಲ್ಲ, ಬರೀ ಹಸಿರು. ಯಾಕೆಂದರೆ ಅಲ್ಲಿ ಒಂದೊಂದು ಮನೆಯ ಮಾಡಿನ ಮೇಲೂ ಸೋರೆಬಳ್ಳಿ ಹಬ್ಬಿರುತ್ತಿತ್ತು.

ಆ ಊರಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಹೆತ್ತ ಮಕ್ಕಳಿರಲಿಲ್ಲ. ಆದರೂ ಹನ್ನೆರಡು ಮಂದಿ ಅವಳನ್ನು ಅವ್ವಾ ಅನ್ನುತ್ತಿದ್ದರು. ಅದು ಹೇಗೆ ಅಂದರೆ, ಕೇಳಿ.

ಸುಳಿಗಟ್ಟೆಯವರು ಎಳೆ ಸೋರೆಕಾಯಿ ಕಿತ್ತು ಸಾರು ಮಾಡುತ್ತಿದ್ದರು. ಆದರೆ ಬಳ್ಳಿಗೆ ಮೂರು ಕಾಯಿ ಹಾಗೇ ಬಿಡುತ್ತಿದ್ದರು. ಅವು ಬಲಿಯಬೇಕು. ಒಣಗಬೇಕು. ಅಲುಗಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆಗ ಅದು ಬುರುಡೆ. ಬುರುಡೆ ನೀರಲ್ಲಿ ಮುಳುಗುವುದಿಲ್ಲ. ಅದನ್ನು ಬೆನ್ನಿಗೆ ಕಟ್ಟಿಕೊಂಡ ಮಗುವೂ ಮುಳುಗುವುದಿಲ್ಲ.

ಮಗುವಿಗೆ ಮೂರು ವರ್ಷ ತುಂಬಿದ ದಿನ ಬೆನ್ನಿಗೆ ಮೂರು ಬುರುಡೆ ಕಟ್ಟಿ ನೀರಿಗಿಳಿಸುತ್ತಿದ್ದರು. ಎಂಟಕ್ಕೆ ಒಂದು ಬಿಚ್ಚುತ್ತಿದ್ದರು. ಹನ್ನೆರಡಕ್ಕೆ ಇನ್ನೊಂದು. ಹದಿನಾರಕ್ಕೆ ಕೊನೆಯದು. ಆ ಕೊನೆಯ ಬುರುಡೆಯನ್ನು ಹೊಳೆಯಲ್ಲಿ ತೇಲಿಬಿಟ್ಟು, ಹುಡುಗ ತಾನೇ ಈಜಿ ಆಚೆ ದಡ ಮುಟ್ಟಿದರೆ ಅವನು ಅಂಬಿಗ. ಹುಡುಗಿ ಮುಟ್ಟಿದರೆ ಅವಳು ಅಂಬಿಗಿತ್ತಿ. ಆ ದಿನಕ್ಕೆ ಬುರುಡೆ ಬಿಡುವ ದಿನ ಅಂತ ಹೆಸರು. ಅವತ್ತು ಊರಿಗೆಲ್ಲ ಹೋಳಿಗೆ. ಗಂಡಿಗೆ ಹೆಣ್ಣು ಕೊಡುವವರು ಹೊಲ ಎಷ್ಟಿದೆ ಅಂತ ಕೇಳುತ್ತಿರಲಿಲ್ಲ. ಹುಡುಗ ಬುರುಡೆ ಬಿಟ್ಟನಾ ಅಂತ ಕೇಳುತ್ತಿದ್ದರು.

ಬೇರೆ ಊರುಗಳಲ್ಲಿ ಬುರುಡೆ ಬಿಡುವುದು ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಸುಳಿಗಟ್ಟೆಯಲ್ಲಿ ಮಾತ್ರ ಅದು ಮರ್ಯಾದೆಯ ಮಾತು.

ಇದಕ್ಕೆ ಮೂರು ಕಟ್ಟಳೆ ಇದ್ದವು. ಒಂದು, ತನ್ನ ಮನೆಯ ಬಳ್ಳಿಯ ಬುರುಡೆಯನ್ನು ತನ್ನ ಮಗುವಿಗೆ ಕಟ್ಟಬಾರದು. ಬೇರೆ ಮನೆಯ ಮಗುವಿಗೆ ಕಟ್ಟಬೇಕು. ಎರಡು, ಕಟ್ಟಿದವರು ದಿನಾ ಬೆಳಗ್ಗೆ ಆ ಮಗುವಿನ ಜೊತೆ ನೀರಲ್ಲಿ ನಿಲ್ಲಬೇಕು. ಮೂರು, ಬುರುಡೆ ಬಿಡಿಸುವವರು ತಾವು ಮೊದಲು ನಡುಹೊಳೆಗೆ ಹೋಗಿ ಕೈ ಚಾಚಬೇಕು. ಮಗು ಆ ಕೈ ನೋಡಿಕೊಂಡು ಈಜಿ ಬರಬೇಕು.

ಬುರುಡೆ ಕಟ್ಟಿದವಳು ಬುರುಡವ್ವ. ಕಟ್ಟಿದವನು ಬುರುಡಪ್ಪ. ಹೀಗೆ ಆ ಊರಿನ ಪ್ರತಿ ಮಗುವಿಗೂ ಹೆತ್ತವರು ಒಂದು ಮನೆಯಲ್ಲಿ, ಕಾಯುವವರು ಇನ್ನೊಂದು ಮನೆಯಲ್ಲಿ. ಯಾರ ಮಗು ಎಲ್ಲಿ ಉಂಡಿತು ಅಂತ ಯಾರೂ ಹುಡುಕುತ್ತಿರಲಿಲ್ಲ.

ಮಾಳವ್ವ ಹನ್ನೊಂದು ಮಕ್ಕಳಿಗೆ ಬುರುಡೆ ಕಟ್ಟಿದ್ದಳು. ಹನ್ನೊಂದೂ ಬುರುಡೆ ಬಿಟ್ಟು ಏಳು ಹೊಳೆಗಳಲ್ಲಿ ಹರಿಗೋಲು ಹಾಕುತ್ತಿದ್ದವು. ಹನ್ನೆರಡನೆಯವಳು ಬೆಳ್ಳಿ. ಒಂಬತ್ತು ವರ್ಷ. ಬೆನ್ನ ಮೇಲೆ ಎರಡು ಬುರುಡೆ.

ಬೆಳ್ಳಿಗೆ ನೀರೆಂದರೆ ಹೆದರಿಕೆ. ಮೂರು ಬುರುಡೆ ಇದ್ದಾಗ ಮೀನಿನ ಹಾಗಿದ್ದಳು. ಎಂಟು ತುಂಬಿ ಒಂದು ಬಿಚ್ಚಿದ್ದೇ ತಡ, ಕಾಲು ನೆಲ ಬಿಟ್ಟರೆ ಕಿರುಚುತ್ತಿದ್ದಳು. ಜೊತೆಯ ಮಕ್ಕಳು ಅವಳನ್ನು "ದಡದ ಕಪ್ಪೆ" ಅಂತ ಆಡಿಕೊಂಡರು. ಮಾಳವ್ವ ಮಾತು ಕಡಿಮೆಯ ಹೆಂಗಸು. ದಿನಾ ಬೆಳಗ್ಗೆ ನೀರಲ್ಲಿ ನಿಂತು ಕೈ ಚಾಚುತ್ತಿದ್ದಳು. ದಿನಾ ನಿನ್ನೆಗಿಂತ ಒಂದು ಗೇಣು ಹಿಂದೆ ಸರಿದು ನಿಲ್ಲುತ್ತಿದ್ದಳು. ಬೆಳ್ಳಿಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ಹೀಗಿರುವಾಗ ರಾಜನಿಗೆ ಒಂದು ಯೋಚನೆ ಬಂತು. ರಾಜ್ಯದಲ್ಲಿ ಜನ ಹೆಚ್ಚಾಗಿದ್ದಾರೆ, ಹೊಳೆ ದಾಟುವವರು ಹೆಚ್ಚಾಗಿದ್ದಾರೆ. ಸುಳಿಗಟ್ಟೆಯಿಂದ ವರ್ಷಕ್ಕೆ ಏಳು ಅಂಬಿಗರು ಬಂದರೆ ಏನೂ ಸಾಲದು. ಎಪ್ಪತ್ತು ಬೇಕು.

ರಾಜನ ಹತ್ತಿರ ಒಬ್ಬ ಪಾರುಪತ್ತೇಗಾರನಿದ್ದ. ಹೊಳೆ ದಾಟುವ ಕಡವುಗಳ ಮೇಲ್ವಿಚಾರಣೆ ಅವನದು. ಹೆಸರು ಗುಂಡರಸಯ್ಯ. ಹೊಟ್ಟೆ ಮುಂದೆ, ಅವನು ಹಿಂದೆ. ಅವನಿಗೆ ಈಜು ಬರುತ್ತಿರಲಿಲ್ಲ. ಕಡವಿನ ಮೇಲ್ವಿಚಾರಣೆ ಮಾಡುವವನಿಗೆ ಈಜು ಬರುವುದಿಲ್ಲ ಅಂದರೆ ಯಾರಾದರೂ ನಕ್ಕಾರು ಅಂತ ಅವನು ರಾಜನ ಮುಂದೆ ಸುಳ್ಳು ಕೊಚ್ಚಿಕೊಂಡಿದ್ದ. ಮೊದಲ ವರ್ಷ, ತುಂಬಿದ ಹೊಳೆಯನ್ನು ಒಂದೇ ಕೈಯಲ್ಲಿ ಈಜಿದೆ ಅಂದ. ಎರಡನೆಯ ವರ್ಷ, ಹೆಗಲ ಮೇಲೆ ಕರು ಹೊತ್ತು ಈಜಿದೆ ಅಂದ. ಮೂರನೆಯ ವರ್ಷ, ಉರಿಯುವ ದೀಪ ಹಿಡಿದು ಈಜಿದೆ, ದೀಪ ಆರಲಿಲ್ಲ ಅಂದ. ರಾಜ ಒಳ್ಳೆಯವನು. ನಂಬಿದ.

ಎಪ್ಪತ್ತು ಅಂಬಿಗರು ಬೇಕು ಅಂತ ರಾಜ ಅಂದಾಗ ಗುಂಡರಸಯ್ಯ ಎದೆ ತಟ್ಟಿಕೊಂಡು, ಒಂದು ತಿಂಗಳು ಕೊಡಿ ಸಾಕು ಅಂದ. ಪಲ್ಲಕ್ಕಿ ಹತ್ತಿ ಸುಳಿಗಟ್ಟೆಗೆ ಬಂದ.

ಊರಿನ ಯಜಮಾನ ಹಲಗಪ್ಪ ಮಜ್ಜಿಗೆ ತಂದುಕೊಟ್ಟ. ಗುಂಡರಸಯ್ಯ ಕುಡಿದು ಮೀಸೆ ಒರೆಸಿಕೊಂಡು ಕೇಳಿದ:

"ಏನಯ್ಯಾ, ನಿಮ್ಮಲ್ಲಿ ಒಬ್ಬ ಹುಡುಗ ಅಂಬಿಗ ಆಗಬೇಕಾದರೆ ಏನು ಮಾಡಬೇಕು?"

"ಬುರುಡೆ ಬಿಡಬೇಕು ಬುದ್ಧಿ."

ಗುಂಡರಸಯ್ಯನಿಗೆ ತನ್ನನ್ನೇ ಚುಚ್ಚಿದ ಹಾಗಾಯಿತು. ಹಲಗಪ್ಪನ ಮುಖ ನೋಡಿದ. ಮುಖದಲ್ಲಿ ನಗು ಇರಲಿಲ್ಲ. ಬೇರೆ ಮೂವರನ್ನು ಕೇಳಿದ. ಮೂವರೂ ಬುರುಡೆ ಬಿಡಬೇಕು ಅಂದರು. ಆಮೇಲೆ ಹೊಳೆಯ ಹತ್ತಿರ ಕರೆದುಕೊಂಡು ಹೋಗಿ ಮಕ್ಕಳನ್ನು ತೋರಿಸಿದಾಗ ಅವನಿಗೆ ಸಂಗತಿ ಗೊತ್ತಾಯಿತು. ಗೊತ್ತಾದದ್ದು ಅರ್ಧ. ಬುರುಡೆ ಬಿಟ್ಟರೆ ಅಂಬಿಗ ಆಗುತ್ತಾನೆ ಅನ್ನುವುದು ಕಿವಿಗೆ ಬಿತ್ತು. ಬಿಡುವುದಕ್ಕೆ ಮೊದಲು ಹದಿಮೂರು ವರ್ಷ ಕಟ್ಟಿಕೊಂಡಿರಬೇಕು ಅನ್ನುವುದು ಬೀಳಲಿಲ್ಲ.

ಇಷ್ಟೇನಾ, ಇವರು ಸುಮ್ಮನೆ ಕಾಲ ಕಳೆಯುತ್ತಿದ್ದಾರೆ ಅಂದುಕೊಂಡ. ಮೊದಲನೆಯ ಆಜ್ಞೆ ಮಾಡಿದ. ಹಾಲುಹಲ್ಲಿನ ಮಕ್ಕಳಿಂದ ರಾಜ್ಯಕ್ಕೆ ಪ್ರಯೋಜನವಿಲ್ಲ, ಆದ್ದರಿಂದ ಎಂಟರ ಕೆಳಗಿನವರಿಗೆ ಬುರುಡೆ ಕಟ್ಟಬಾರದು. ಕಟ್ಟಿದ್ದನ್ನು ಬಿಚ್ಚಿ ಚಾವಡಿಯಲ್ಲಿ ಹಾಕಿ ಬೀಗ ಹಾಕಬೇಕು. ಹಾಗೇ ಆಯಿತು.

ಚಿಕ್ಕ ಮಕ್ಕಳಿಗೆ ಬೆಳಗಿನ ಕೆಲಸ ತಪ್ಪಿತು. ಕೆಲಸ ತಪ್ಪಿದ ಮಕ್ಕಳು ಏನು ಮಾಡುತ್ತಾರೆ? ಮೊದಲನೆಯ ದಿನ ಊರಿನ ಆಡುಗಳ ಗಡ್ಡಗಳನ್ನು ಜೋಡಿ ಮಾಡಿ ಗಂಟು ಹಾಕಿದರು. ಎರಡನೆಯ ದಿನ ಊರಿನ ಕೋಳಿಗಳನ್ನೆಲ್ಲ ಹರಿಗೋಲಿನಲ್ಲಿ ಕೂರಿಸಿ ಹೊಳೆಗೆ ತಳ್ಳಿದರು. ಮೂರನೆಯ ದಿನ ಹಲಗಪ್ಪನ ಪೇಟ ಬಿಚ್ಚಿ ಹುಣಸೆಮರಕ್ಕೆ ಉಯ್ಯಾಲೆ ಕಟ್ಟಿದರು. ಹಲಗಪ್ಪ ಬೋಳುತಲೆಯಲ್ಲಿ ಮಾಳವ್ವನ ಮನೆಗೆ ಓಡಿಬಂದು, ಏನಾದರೂ ಮಾಡು ತಾಯಿ ಅಂದ.

ಮಾಳವ್ವ ಎರಡು ಹಳೆ ಹರಿಗೋಲುಗಳನ್ನು ಮರಳ ಮೇಲೆ ಬೋರಲು ಹಾಕಿದಳು. ಮಕ್ಕಳನ್ನು ಅವುಗಳ ಮೇಲೆ ಹೊಟ್ಟೆಯಡಿ ಮಾಡಿ ಮಲಗಿಸಿದಳು. ಕಾಲು ಬಡೀರಿ ಅಂದಳು. ಮಕ್ಕಳು ಬಡಿದರು. ದಡದಲ್ಲಿ ತಮಟೆ ಬಾರಿಸಿದ ಹಾಗಾಯಿತು. ಬುರುಡೆಯೂ ಇಲ್ಲ, ನೀರೂ ಇಲ್ಲ. ಈಜು ಮಾತ್ರ ನಿಲ್ಲಲಿಲ್ಲ.

ಹತ್ತು ದಿನ ಬಿಟ್ಟು ಗುಂಡರಸಯ್ಯ ಮತ್ತೆ ಬಂದ. ಹೊಳೆಯಲ್ಲಿ ದೊಡ್ಡವರು ಸಾಲಾಗಿ ನಿಂತಿದ್ದರು. ಅವರ ಮುಂದೆ ದೊಡ್ಡ ಮಕ್ಕಳು ಈಜುತ್ತಿದ್ದರು. ದುಡಿಯುವ ಜನ ಬೆಳಗ್ಗೆ ಬೆಳಗ್ಗೆ ಹೀಗೆ ನೀರಲ್ಲಿ ಕಂಬದ ಹಾಗೆ ನಿಂತರೆ ರಾಜ್ಯ ಉದ್ಧಾರವಾದ ಹಾಗೇ ಅಂದ. ಎರಡನೆಯ ಆಜ್ಞೆ ಮಾಡಿದ. ಇವತ್ತಿನಿಂದ ದೊಡ್ಡವರು ಯಾರೂ ನೀರಲ್ಲಿ ನಿಲ್ಲಬಾರದು.

ಮಾರನೆಯ ದಿನ ಆಜ್ಞೆ ನಡೆಯುತ್ತಿದೆಯೋ ಇಲ್ಲವೋ ನೋಡಲು ಬಂದ. ಮಾಳವ್ವ ನೀರೊಳಗಿನ ಬಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದಳು. ಎದೆಮಟ್ಟ ನೀರು. ಉಳಿದವರೂ ಅಲ್ಲಲ್ಲಿ ಹಾಗೇ ಕೂತಿದ್ದರು.

"ನಿಲ್ಲಬಾರದು ಅಂತ ಹೇಳಿರಲಿಲ್ಲವೇನೇ?"

"ನಿಂತಿಲ್ಲ ಬುದ್ಧಿ. ಕೂತಿದೀನಿ."

ಗುಂಡರಸಯ್ಯನ ಪಲ್ಲಕ್ಕಿ ಹೊರುವವರು ಮುಖ ಆಚೆ ತಿರುಗಿಸಿಕೊಂಡು ನಕ್ಕರು. ಅವನಿಗೆ ಕೋಪ ನೆತ್ತಿಗೇರಿತು. ಅಲ್ಲೇ ನಿಂತು ಮೂರನೆಯ ಆಜ್ಞೆ ಮಾಡಿದ. ನಾಡಿದ್ದು ಮಹಾರಾಜರು ಬರುತ್ತಾರೆ. ಎರಡು ಬುರುಡೆಯವರು, ಒಂದು ಬುರುಡೆಯವರು, ಎಲ್ಲ ಸೇರಿದರೆ ಎಪ್ಪತ್ತು ಮಕ್ಕಳಿದ್ದಾರೆ. ಎಪ್ಪತ್ತೂ ಬುರುಡೆ ಬಿಟ್ಟು ಹೊಳೆ ದಾಟಬೇಕು. ದಾಟಿದವರನ್ನು ಅಂದೇ ಅಂಬಿಗರು ಅಂತ ಕರೆದುಕೊಂಡು ಹೋಗುತ್ತೇನೆ.

ಹಲಗಪ್ಪ ಕೈ ಮುಗಿದು ಹೇಳಿದ, ಹದಿನೈದು ವರ್ಷದವರು ಐದಾರು ಮಂದಿ ಹೇಗೋ ದಾಟಿಯಾರು, ಉಳಿದ ಮಕ್ಕಳು ನಡುಹೊಳೆಯಲ್ಲೇ ಉಳಿದಾರು.

"ಅಂಬಿಗರ ಮಕ್ಕಳಲ್ಲವೇನಯ್ಯಾ? ಕೋಳಿಮರಿಗೆ ಕೆದಕೋದು ಯಾರು ಕಲಿಸ್ತಾರೆ?" ಅಂದ ಗುಂಡರಸಯ್ಯ. ಪಲ್ಲಕ್ಕಿ ಹತ್ತಿ ಹೊರಟುಹೋದ.

ಒಂಬತ್ತು ವರ್ಷದವರೂ ಆ ಎಪ್ಪತ್ತರಲ್ಲಿ ಸೇರಿದ್ದರು. ಅಂದರೆ ಬೆಳ್ಳಿಯೂ ಸೇರಿದ್ದಳು.

ಮಾಳವ್ವ ಮನೆಗೆ ಬಂದು ಜಗಲಿಯ ಮೇಲೆ ಕೂತಳು. ರಾಗಿ ಬೀಸಲಿಲ್ಲ. ಒಲೆ ಹಚ್ಚಲಿಲ್ಲ. ಮರಳ ಮೇಲೆ ಈಜಿಸಬಹುದು, ನೀರಲ್ಲಿ ಕೂರಬಹುದು. ಇದಕ್ಕೆ ಏನು ಉಪಾಯ? ರಾಜಾಜ್ಞೆ ಮೀರಿದರೆ ಊರಿಗೆ ಕಷ್ಟ. ಮೀರದಿದ್ದರೆ ಮಗು ಉಳಿಯುವುದಿಲ್ಲ. ಕೂತೇ ಇದ್ದಳು.

ಬೆಳ್ಳಿ ಬಂದು ಪಕ್ಕದಲ್ಲಿ ಕೂತಳು. ಬೆನ್ನ ಮೇಲಿನ ಬುರುಡೆ ಬಿಚ್ಚಿರಲಿಲ್ಲ. ಮಾಳವ್ವನ ಕೈ ಹಿಡಿದು ಕೇಳಿದಳು:

"ಬುರುಡವ್ವ, ನಾಡಿದ್ದು ನಡುಹೊಳೇಲಿ ನೀನೇ ಕೈ ಚಾಚ್ತೀಯ ತಾನೆ?"

"ನಾನು ಹೆಂಗೆ ಚಾಚ್ಲಿ ಮಗ? ಬುರುಡೆ ಬಿಡಿಸ್ತಿರೋದು ನಾನಲ್ಲ. ಬಿಡಿಸೋರು ಚಾಚಬೇಕು."

ಹೇಳಿದವಳು ತನ್ನ ಮಾತನ್ನು ತಾನೇ ಇನ್ನೊಂದು ಸಲ ಕೇಳಿಸಿಕೊಂಡಳು. ಆಮೇಲೆ ನಕ್ಕಳು. ಮಾಳವ್ವ ನಕ್ಕಿದ್ದನ್ನು ಬೆಳ್ಳಿ ಹಿಂದೆ ನೋಡಿರಲಿಲ್ಲ. ಮಾಳವ್ವ ಎದ್ದು ಒಲೆ ಹಚ್ಚಿ ಮುದ್ದೆ ತೊಳಸಿ, ಮಗುವಿಗೆ ಹೊಟ್ಟೆ ತುಂಬ ಉಣ್ಣಿಸಿದಳು.

ಆ ದಿನ ಬಂತು. ರಾಜ ಬಂದ. ದಡದಲ್ಲಿ ಚಪ್ಪರ ಹಾಕಿದ್ದರು. ಕಹಳೆ ಊದಿದರು. ಎಪ್ಪತ್ತು ಮಕ್ಕಳು ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಗುಂಡರಸಯ್ಯ ಜರಿಪಂಚೆ ಉಟ್ಟು, ರೇಷ್ಮೆ ಶಲ್ಯ ಹೊದ್ದು, ಇನ್ನು ಅರ್ಧ ಗಳಿಗೆಯಲ್ಲಿ ಎಪ್ಪತ್ತು ಅಂಬಿಗರು ಅಂತ ರಾಜನಿಗೆ ಹೇಳುತ್ತಿದ್ದ.

ಮಾಳವ್ವ ಮುಂದೆ ಬಂದಳು. ಸೆರಗು ಸರಿಮಾಡಿಕೊಂಡು ಅಡ್ಡಬಿದ್ದಳು.

"ಮಹಾಸ್ವಾಮಿ, ಆಜ್ಞೆ ಆಗಿದೆ. ಮಕ್ಕಳು ಬುರುಡೆ ಬಿಡ್ತವೆ. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಬಿಡಿಸೋರು ಮೊದಲು ನಡುಹೊಳೆಗೆ ಹೋಗಿ ಕೈ ಚಾಚಬೇಕು. ಈ ಮಕ್ಕಳ ಬುರುಡೆ ಬಿಡಿಸ್ತಿರೋರು ಪಾರುಪತ್ತೇಗಾರ್ರು."

ರಾಜನಿಗೆ ಬಹಳ ಸಂತೋಷವಾಯಿತು. ಒಳ್ಳೆಯ ಕಟ್ಟಳೆ ಅಂದ. ಒಂದೇ ಕೈಯಲ್ಲಿ ಈಜಿದವರು, ಕರು ಹೊತ್ತು ಈಜಿದವರು, ದೀಪ ಹಿಡಿದು ಈಜಿದವರು ನಮ್ಮ ಗುಂಡರಸಯ್ಯನವರು, ಅವರ ಈಜು ನೋಡುವ ಭಾಗ್ಯ ಇವತ್ತು ಬಂತು ಅಂದ.

ಗುಂಡರಸಯ್ಯನ ಹೊಟ್ಟೆ ತಾನಾಗಿ ಒಳಗೆ ಹೋಯಿತು. ಜರಿಪಂಚೆ ನೆನೆದರೆ ಹಾಳಾಗುತ್ತದೆ ಅಂದ. ಹಲಗಪ್ಪ ಓಡಿಹೋಗಿ ಒಂದು ತುಂಡುಪಂಚೆ ತಂದುಕೊಟ್ಟ. ಇವತ್ತು ನೀರಿಗಿಳಿಯಲು ನಕ್ಷತ್ರ ಸರಿಯಿಲ್ಲ ಅಂದ. ಆಸ್ಥಾನದ ಜೋಯಿಸರು ತಲೆಯೆತ್ತಿ, ಈ ಮುಹೂರ್ತ ಇಟ್ಟುಕೊಡಿ ಅಂತ ಕೇಳಿದವರು ತಾವೇ ಅಲ್ಲವೇ ಅಂದರು. ನೆಗಡಿಯಾಗಿದೆ, ತಣ್ಣೀರು ಆಗುವುದಿಲ್ಲ ಅಂದ.

"ನೀರು ಬೆಚ್ಚಗಿದೆ ಬುದ್ಧಿ," ಅಂದಳು ಮಾಳವ್ವ. "ಬೆಳಗ್ಗಿಂದ ಎಪ್ಪತ್ತು ಮಕ್ಕಳು ಕೂತವೆ."

ರಾಜ ಆಗಲಿ ಅಂತ ಕೈ ಬೀಸಿದ. ಇನ್ನು ದಾರಿಯಿಲ್ಲ. ಗುಂಡರಸಯ್ಯ ತುಂಡುಪಂಚೆ ಸುತ್ತಿಕೊಂಡು ಹೊಳೆಗೆ ಇಳಿದ. ಕಾಲಿನ ಹರಡು ಮುಳುಗಿತು. ತಿರುಗಿ ನೋಡಿದ. ರಾಜ ಕೈ ಬೀಸಿದ. ಮೊಣಕಾಲು ಮುಳುಗಿತು. ತಿರುಗಿ ನೋಡಿದ. ರಾಜ ಕೈ ಬೀಸಿದ. ತೊಡೆ ಮುಳುಗಿತು. ತಿರುಗಿ ನೋಡಲು ಹೋದ. ಕಾಲ ಕೆಳಗೆ ಪಾಚಿಗಲ್ಲು. ದಬಕ್ಕನೆ ಬಿದ್ದ.

ಬಿದ್ದವನು ಏಳಲಿಲ್ಲ. ಕೈ ಬಡಿದ, ಕಾಲು ಬಡಿದ, ನೀರು ಕುಡಿದ. ಸತ್ತೆ, ಹಿಡಿಯಿರಿ, ಈಜು ಬರುವುದಿಲ್ಲ ಅಂತ ಅರಚಿದ. ರಾಜ ಗಾಬರಿಯಾಗಿ ಎದ್ದು ನಿಂತ. ರಾಜಭಟರಿಗೆ ಈಜು ಬರುತ್ತಿರಲಿಲ್ಲ. ಇಷ್ಟು ಜನ ಅಂಬಿಗರಿದ್ದೀರಿ, ಸುಮ್ಮನೆ ನೋಡುತ್ತಿದ್ದೀರಲ್ಲ ಅಂತ ರಾಜ ಗದರಿದ.

ಹಲಗಪ್ಪ ಕೈ ಕಟ್ಟಿಕೊಂಡು ಹೇಳಿದ: "ದೊಡ್ಡೋರು ನೀರಲ್ಲಿ ನಿಲ್ಲಬಾರದು ಅಂತ ಪಾರುಪತ್ತೇಗಾರ್ರ ಆಜ್ಞೆ ಆಗಿದೆ ಮಹಾಸ್ವಾಮಿ."

ಅಷ್ಟರಲ್ಲಿ ಮೆಟ್ಟಿಲಿಂದ ಒಂದು ಮಗು ದುಡುಮ್ಮನೆ ನೀರಿಗೆ ಹಾರಿತು. ಬೆನ್ನ ಮೇಲೆ ಎರಡು ಬುರುಡೆ. ಮಾಳವ್ವ ನೋಡಿದಳು. ಬೆಳ್ಳಿ.

ಅವನಿಗೆ ತೊಡೆಮಟ್ಟದ ನೀರು ಅವಳಿಗೆ ಎದೆಮಟ್ಟ. ಆದರೆ ಗುಂಡರಸಯ್ಯ ಬಡಿದುಕೊಂಡು ಬಡಿದುಕೊಂಡು ಇನ್ನೂ ಮುಂದೆ ಸರಿದಿದ್ದ. ಅಲ್ಲಿ ಅವಳ ಕಾಲಿಗೆ ನೆಲ ಸಿಗುವುದಿಲ್ಲ. ಸಿಗಲಿಲ್ಲ. ಬೆಳ್ಳಿ ಕಿರುಚಲಿಲ್ಲ. ಈಜಿದಳು. ಅವನ ಹತ್ತಿರ ಹೋಗಿ, ಅವನ ಕೈ ತಾಗದಷ್ಟು ದೂರದಲ್ಲಿ ತೇಲುತ್ತ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ ಹೇಳಿದಳು:

"ಎದ್ದು ನಿಂತ್ಕೊಳಿ ಮಾವ. ನೀರು ನಿಮ್ ಎದೆಮಟ್ಟಕ್ಕೇ ಇರೋದು."

ಗುಂಡರಸಯ್ಯ ಕಾಲು ಊರಿ ನಿಂತ. ನೀರು ಎದೆಮಟ್ಟಕ್ಕೇ ಇತ್ತು.

ಮೊದಲು ಒಂದು ಮಗು ನಕ್ಕಿತು. ಆಮೇಲೆ ಎಪ್ಪತ್ತು. ಆಮೇಲೆ ಊರು. ಕೊನೆಗೆ ಚಪ್ಪರದ ಕೆಳಗಿದ್ದವರು. ಆ ಗದ್ದಲದಲ್ಲಿ ಬೆಳ್ಳಿ ಮಾತ್ರ ನಿಧಾನವಾಗಿ ಈಜಿಕೊಂಡು ದಡಕ್ಕೆ ಬಂದಳು. ಎಷ್ಟು ದೂರ ಹೋಗಿದ್ದೆ ಅಂತ ತಿರುಗಿ ನೋಡಿದವಳು ಓಡಿಹೋಗಿ ಮಾಳವ್ವನನ್ನು ಅಪ್ಪಿಕೊಂಡಳು. ಮಾಳವ್ವ ಸೆರಗಿನಲ್ಲಿ ಅವಳ ತಲೆ ಒರೆಸಿದಳು. ಒರೆಸಿದ ತಲೆಯನ್ನೇ ಮತ್ತೆ ಮತ್ತೆ ಒರೆಸಿದಳು.

ಗುಂಡರಸಯ್ಯನನ್ನು ನೀರು ಸುರಿಸುತ್ತ ರಾಜನ ಮುಂದೆ ತಂದು ನಿಲ್ಲಿಸಿದರು. ರಾಜನ ಮುಖ ಕೆಂಪಾಗಿತ್ತು. ಈಜು ಬಾರದವನು ಮಕ್ಕಳನ್ನು ನೀರಿಗೆ ತಳ್ಳಲು ಹೊರಟಿದ್ದನಲ್ಲ, ಇವನನ್ನು ಏನು ಮಾಡಲಿ ಅಂತ ಊರವರನ್ನು ಕೇಳಿದ. ಯಾರೋ ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಬೇಕು ಅಂದರು. ಯಾರೋ ತಲೆ ಬೋಳಿಸಬೇಕು ಅಂದರು. ಮಾಳವ್ವ ಬೇಡ ಅಂದಳು.

"ಅವರ ತಪ್ಪಲ್ಲ ಮಹಾಸ್ವಾಮಿ. ಚಿಕ್ಕೋರಿದ್ದಾಗ ಯಾರೂ ಬುರುಡೆ ಕಟ್ಟಲಿಲ್ಲ. ಅದಕ್ಕೇ ದೊಡ್ಡೋರಾದ ಮೇಲೆ ಬುರುಡೆ ಬಿಡ್ತಾರೆ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಕಿರೀಟ ಜಾರಿ ಮೂಗಿನ ಮೇಲೆ ಕೂತಿತು. ನಗುವುದು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಎಪ್ಪತ್ತು ಅಂಬಿಗರು ಬೇಕೇ ಬೇಕು ತಾಯಿ, ಅದಕ್ಕೆ ದಾರಿ ಹೇಳು ಅಂದ.

ಎಲ್ಲ ಹೊಳೆದಂಡೆಯ ಊರುಗಳಲ್ಲೂ ಇವತ್ತೇ ಬಳ್ಳಿ ಹಬ್ಬಿಸಿ, ಮೂರು ವರ್ಷದ ಮಕ್ಕಳಿಗೆ ಬುರುಡೆ ಕಟ್ಟಿಸಿ, ಹದಿಮೂರು ವರ್ಷ ಬಿಟ್ಟು ಬನ್ನಿ ಅಂದಳು ಮಾಳವ್ವ. ಅಷ್ಟು ವರ್ಷ ಯಾಕೆ, ಸ್ವಲ್ಪ ಬೇಗ ಆಗುವುದಿಲ್ಲವೇ ಅಂದ ರಾಜ.

"ಸೋರೆಕಾಯಿ ಬುರುಡೆ ಆಗೋಕೇ ಒಂದು ಬೇಸಿಗೆ ಬೇಕು. ಇದು ಮಗು."

ರಾಜ ಅಲ್ಲೇ ಮೂರೂ ಆಜ್ಞೆ ರದ್ದು ಮಾಡಿದ. ಚಾವಡಿಯ ಬೀಗ ತೆಗೆಸಿದ. ಚಿಕ್ಕ ಮಕ್ಕಳು ಒಳಗೆ ನುಗ್ಗಿ ತಮ್ಮ ತಮ್ಮ ಬುರುಡೆ ಹುಡುಕಿಕೊಂಡು ಅಪ್ಪಿಕೊಂಡರು. ಆ ಗದ್ದಲಕ್ಕೆ ಹಲಗಪ್ಪನ ಆಡುಗಳು ಹೆದರಿ ಗಡ್ಡ ಮುಚ್ಚಿಕೊಂಡು ಓಡಿದವು ಅಂತ ಹೇಳುತ್ತಾರೆ. ನೋಡಿದವರಿಲ್ಲ.

ಗುಂಡರಸಯ್ಯನಿಗೂ ತೀರ್ಪಾಯಿತು. ಮಾರನೆಯ ಬೆಳಗ್ಗೆ ಅವನು ಮೂರು ವರ್ಷದ ಮಕ್ಕಳ ಸಾಲಿನಲ್ಲಿ ಕೊನೆಗೆ ನಿಂತ. ಅವನಿಗೆ ಮಾಳವ್ವನೇ ಬುರುಡೆ ಕಟ್ಟಿದಳು. ಮೂರು ಸಾಲಲಿಲ್ಲ, ಆರು ಬೇಕಾಯಿತು. ಪಕ್ಕದಲ್ಲಿದ್ದ ಒಬ್ಬ ಪೋರ ಅವನನ್ನು ಮೇಲಿಂದ ಕೆಳಗೆ ನೋಡಿ, "ಹೊಟ್ಟೆ ಮೇಲೂ ಒಂದು ಬುರುಡೆ ಕಟ್ಟವ್ರೆ ತಾತಂಗೆ" ಅಂತ ತನ್ನ ಬುರುಡಪ್ಪನಿಗೆ ತೋರಿಸಿದ. ಅದು ಬುರುಡೆಯಲ್ಲ ಅಂತ ಯಾರೂ ಹೇಳಲಿಲ್ಲ.

ಗುಂಡರಸಯ್ಯ ಮೊದಲ ವಾರ ನಾಚಿಕೆಯಿಂದ ಸತ್ತ. ಎರಡನೆಯ ವಾರ ಕಾಲು ಬಡಿಯಲು ಕಲಿತ. ಮೂರನೆಯ ವಾರ ಯಾರೂ ಕರೆಯದೆ ತಾನೇ ಬೆಳಕು ಹರಿಯುವ ಮೊದಲು ಬಂದು ಮೆಟ್ಟಿಲ ಮೇಲೆ ಕೂತ. ಕಟ್ಟಳೆಯ ಪ್ರಕಾರ ಅವನ ಮನೆಯ ಮಾಡಿನ ಮೇಲೂ ಸೋರೆಬಳ್ಳಿ ಹಬ್ಬಿತು. ಅರಮನೆ ಬೀದಿಯ ಜನ ಮೊದಲು ನಕ್ಕರು. ಆಮೇಲೆ ಬೀಜ ಕೇಳಿದರು. ರಾಜನೂ ಅರಮನೆಯ ಮೇಲೆ ಒಂದು ಬಳ್ಳಿ ಹಬ್ಬಿಸಿ, ತನ್ನ ಅಡುಗೆಯವನ ಮಗನಿಗೆ ಬುರುಡಪ್ಪನಾದ. ರಾಜ ಮೊದಲನೆಯ ದಿನ ನೀರಲ್ಲಿ ನಿಂತು ನಡುಗಿದ್ದನ್ನು ನೋಡಲು ಏಳು ಹೊಳೆಯ ಜನ ಸೇರಿದ್ದರು.

ಎರಡು ವರ್ಷ ಕಳೆಯಿತು. ಒಂದು ದಿನ ತುಂಬಿದ ಸಭೆಯಲ್ಲಿ ರಾಜ ಗುಂಡರಸಯ್ಯನನ್ನು, ಈಗ ಈಜು ಎಲ್ಲಿಯವರೆಗೆ ಬಂತು ಅಂತ ಕೇಳಿದ. ಸಭೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತು. ಒಂದೇ ಕೈ ಅನ್ನುತ್ತಾನೋ, ಕರು ಅನ್ನುತ್ತಾನೋ, ದೀಪ ಅನ್ನುತ್ತಾನೋ.

"ಇನ್ನೂ ಎರಡು ಬುರುಡೆ ಇದೆ ಮಹಾಸ್ವಾಮಿ," ಅಂದ ಗುಂಡರಸಯ್ಯ. "ಹೊಳೆ ದಾಟೋಕೆ ಬರೋದಿಲ್ಲ."

ಅವನು ರಾಜನ ಮುಂದೆ ಹೇಳಿದ ಮೊದಲ ನಿಜ ಅದು. ರಾಜ ಸಿಂಹಾಸನದಿಂದ ಇಳಿದು ಬಂದು, ತನ್ನ ಶಲ್ಯ ತೆಗೆದು ಅವನಿಗೆ ಹೊದಿಸಿದ.

ಕತೆ ಆ ದಡ ಮುಟ್ಟಿತು. ನಾವು ನೀವು ಈ ದಡದಲ್ಲಿದ್ದೇವೆ.

ನೀತಿ ಕೇಳಿ. ಮಗುವಿಗೆ ಬುರುಡೆ ಕಟ್ಟುವುದು ಊರಿನ ಕೆಲಸ. ಒಂದೊಂದಾಗಿ ಬಿಚ್ಚುವುದು ಕಾಲದ ಕೆಲಸ. ಅಲ್ಲಿಯವರೆಗೆ ನೀರಲ್ಲಿ ನಿಲ್ಲುವುದು ದೊಡ್ಡವರ ಕೆಲಸ. ಇದರಲ್ಲಿ ಯಾವುದನ್ನೂ ಮಾಡದೆ, ಮಕ್ಕಳನ್ನು ಬೆಳೆಸಿದೆವು ಅಂತ ಯಾರಾದರೂ ಹೇಳಿಕೊಂಡರೆ, ಅವರು ಬುರುಡೆ ಬಿಡುತ್ತಿದ್ದಾರೆ ಅಂತ ತಿಳಿಯಿರಿ.